ಹಲ್ಲುಚಕ್ರದ ಆಕಾಶ, ಸಾಂಗ್ಲಿಯ ಪಂಚಾಂಗ

ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಗ್ರೀಕ್ ಯಂತ್ರವೊಂದನ್ನು ಈಗ ಮೊಬೈಲಿನ ಪರದೆಯ ಮೇಲೆ ತಿರುಗಿಸಿ ನೋಡಬಹುದು. ಬೆರಳಿನಿಂದ ಹಿಡಿಕೆ ಸುತ್ತಿದರೆ ಸೂರ್ಯ, ಚಂದ್ರರ ಮುಳ್ಳುಗಳು ರಾಶಿಚಕ್ರದಲ್ಲಿ ಸಾಗುತ್ತವೆ. ಸೂರ್ಯನಿಗೆ 19 ಸುತ್ತು ಆಗುವಷ್ಟರಲ್ಲಿ 235 ಚಾಂದ್ರಮಾಸಗಳು ಮುಗಿದಿರುತ್ತವೆ. ವರ್ಷಕ್ಕೆ ಹನ್ನೆರಡರಂತೆ 19 ವರ್ಷಕ್ಕೆ ಲೆಕ್ಕ ಹಾಕಿದರೆ 228 ಆಗುತ್ತದೆ. ಉಳಿದ ಏಳೇ ನಮ್ಮ ಅಧಿಕಮಾಸಗಳು. ಸಾಂಗ್ಲಿ ಜಿಲ್ಲೆಯ ಮಿರಜ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ಯುಗಾದಿಗೆ ಬಿಚ್ಚುವ ಪಂಚಾಂಗದಲ್ಲೂ ಇದೇ ಲೆಕ್ಕ ಅಡಗಿದೆ.

ಆ ಯಂತ್ರದ ಅವಶೇಷ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆ ಬಂತು. ತುಕ್ಕುಗಟ್ಟಿದ ಕಂಚಿನ ಮುದ್ದೆಯಲ್ಲಿ ಹಲ್ಲುಚಕ್ರವಿದೆಯೆಂದು ಮರುವರ್ಷ ಗುರುತಿಸಿದರೂ, ಅದರ ಅರ್ಥ ಬಿಡಿಸಲು ಡೆರೆಕ್ ಡಿ ಸೋಲಾ ಪ್ರೈಸ್ ಅವರು 1970ರ ದಶಕದಲ್ಲಿ ಎಕ್ಸ್-ರೇ ಚಿತ್ರ ತೆಗೆಸುವವರೆಗೆ ಕಾಯಬೇಕಾಯಿತು. ಮುಂದೆ ಮೈಕೆಲ್ ರೈಟ್ ಅದನ್ನು ಮತ್ತಷ್ಟು ಅಧ್ಯಯನ ಮಾಡಿದರು, ಆಮೇಲೆ ಟೋನಿ ಫ್ರೀತ್ ಮತ್ತು ಸಂಗಡಿಗರು ಸಿಟಿ ಸ್ಕ್ಯಾನ್ ಬಳಸಿ ಒಳಗಿನ ಬರಹವನ್ನೂ ಓದಿದರು. ಈಗ ಉಳಿದಿರುವುದು 82 ತುಣುಕು, 30 ಚಕ್ರ. 19 ವರ್ಷದಲ್ಲಿ ಚಂದ್ರ ನಕ್ಷತ್ರಗಳ ನಡುವೆ 254 ಸುತ್ತು ಹಾಕುತ್ತಾನೆ. ಅಷ್ಟು ಹಲ್ಲು ಕೊರೆಯುವ ಬದಲು ಅರ್ಧ ಮಾಡಿ 127 ಹಲ್ಲಿನ ಚಕ್ರ ಕೂಡಿಸಿದ್ದಾರೆ. ಚಂದ್ರನ ಓಟ ಒಮ್ಮೆ ವೇಗ, ಒಮ್ಮೆ ನಿಧಾನ ಆಗುವುದನ್ನು ಒಂದು ಮೊಳೆ ಮತ್ತು ಸೀಳುಗಂಡಿ ತೋರಿಸುತ್ತವೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಅಂಥ ಚಲನೆಯನ್ನು ಹಿಡಿದದ್ದೇ ಈ ಯಂತ್ರದ ನಿಜವಾದ ಮಹತ್ತು ಎಂದು ನನ್ನ ಭಾವನೆ.

ನಮ್ಮವರು ಇಂಥ ಆವರ್ತಗಳನ್ನು ಲೋಹದಲ್ಲಿ ಕೊರೆಯಲಿಲ್ಲ, ಶ್ಲೋಕದಲ್ಲಿ ಕಟ್ಟಿಟ್ಟರು. 1520ರ ಲೆಕ್ಕದಿಂದ ಆರಂಭವಾಗುವ ಗಣೇಶ ದೈವಜ್ಞರ ಗ್ರಹಲಾಘವ 4016 ದಿನಗಳನ್ನು, ಅಂದರೆ ಸುಮಾರು 11 ವರ್ಷಗಳನ್ನು ಒಂದು ಚಕ್ರವೆಂದು ಹಿಡಿದು, ಜ್ಯಾ (ಸೈನ್) ಕೋಷ್ಟಕವಿಲ್ಲದೆಯೇ ಗ್ರಹಸ್ಥಾನ ಹೇಳಿತು. ದಖ್ಖನಿನ ಜೋಯಿಸರು ಶತಮಾನಗಳ ಕಾಲ ಅದನ್ನೇ ನಂಬಿದರು. 1854ರಲ್ಲಿ ನರಗುಂದದಲ್ಲಿ ಹುಟ್ಟಿ, ವಿಜಾಪುರ ಸೀಮೆಯಲ್ಲಿ ಬಾಳಿದ ವೆಂಕಟೇಶ ಬಾಪೂಜಿ ಕೇತಕರರು ಯುರೋಪಿನ ಹೊಸ ಮಾಪನಗಳನ್ನು ಸಂಸ್ಕೃತದ ಗಣಿತಕ್ಕೆ ತಂದು ‘ಜ್ಯೋತಿರ್ಗಣಿತಂ’ ಬರೆದ ಮೇಲೆ ಹಳೆಯ ಪಂಚಾಂಗದ ದೋಷ ಇನ್ನಷ್ಟು ಸ್ಪಷ್ಟವಾಯಿತು.

ಹಾಗಾದರೆ ಹೊಸ ಪಂಚಾಂಗದಲ್ಲಿ ರಾಶಿಚಕ್ರದ ಸೊನ್ನೆ ಎಲ್ಲಿಂದ? ಲೋಕಮಾನ್ಯ ಟಿಳಕರ ಕೊನೆಯ ವರ್ಷಗಳಲ್ಲಿ ಪಂಚಾಂಗ ಸುಧಾರಣೆಗಾಗಿ ಸಾಂಗ್ಲಿಯಲ್ಲಿ ವಿದ್ವಾಂಸರು ಸೇರಿದರು. ಆ ಸೊನ್ನೆಯನ್ನು ರೇವತಿ ನಕ್ಷತ್ರದ ಆಧಾರದಲ್ಲಿ ಹಿಡಿಯುವ ರೇವತಿ ಪಕ್ಷ ಟಿಳಕರದು, ಚಿತ್ರಾ ನಕ್ಷತ್ರದ ಆಧಾರದಲ್ಲಿ ಹಿಡಿಯುವ ಚಿತ್ರಾ ಪಕ್ಷ ಕೇತಕರರದು. ಈ ಎರಡು ಸೊನ್ನೆಗಳ ನಡುವೆ ಸುಮಾರು ನಾಲ್ಕು ಅಂಶಗಳ ಅಂತರ. ಅಷ್ಟಕ್ಕೇ ಟಿಳಕ ಪಂಚಾಂಗದಲ್ಲಿ ಮಕರ ಸಂಕ್ರಾಂತಿ ಜನವರಿ 10ಕ್ಕೆ ಬೀಳುತ್ತದೆ, ಕೆಲವು ವರ್ಷ ಅಧಿಕಮಾಸವೇ ಬದಲಾಗುತ್ತದೆ. ಮುಂದೆ 1952ರಲ್ಲಿ ನೇಮಕವಾದ, ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಚಿತ್ರಾ ಪಕ್ಷಕ್ಕೆ ಹತ್ತಿರದ ಮೌಲ್ಯವನ್ನೇ ಹಿಡಿಯಿತು. ಗಣಿತ ಎಷ್ಟೇ ನಿಖರವಾಗಿದ್ದರೂ ಆರಂಭದ ಗೆರೆಯನ್ನು ಮನುಷ್ಯರೇ ಎಳೆಯಬೇಕು.

ಯಾವುದು ಖಚಿತ, ಯಾವುದು ಮನುಷ್ಯರು ಎಳೆದ ಗೆರೆ ಎಂಬ ಪ್ರಶ್ನೆ ಗ್ರೀಕ್ ಯಂತ್ರದ ಮೊಬೈಲ್ ರೂಪದಲ್ಲೂ ಇದೆ. ಮೂಲ ಯಂತ್ರದ ಪಂಚಾಂಗದ ಉಂಗುರದಲ್ಲಿ 365 ರಂಧ್ರಗಳಿದ್ದವೆಂದು ಬಹುಕಾಲ ಎಣಿಸಿದ್ದರು. 2020ರಲ್ಲಿ ಒಂದು ತಂಡ, 2024ರಲ್ಲಿ ಗ್ಲಾಸ್ಗೋದ ಸಂಶೋಧಕರು ಅಂಕಿಅಂಶ ವಿಧಾನದಿಂದ ಲೆಕ್ಕಹಾಕಿ, ಅವು 354 ಇದ್ದಿರುವುದೇ ಹೆಚ್ಚು ಸಂಭವ ಎಂದರು. ಅದು ಚಾಂದ್ರವರ್ಷದ ದಿನಸಂಖ್ಯೆ. ಐದು ಗ್ರಹಗಳ ಚಕ್ರಗಳಂತೂ ಬಹುಮಟ್ಟಿಗೆ ಊಹೆ. 2021ರಲ್ಲಿ ಲಂಡನ್ನಿನ ಯುಸಿಎಲ್ ತಂಡ ಒಂದು ವಿನ್ಯಾಸ ಮುಂದಿಟ್ಟಿತು, ಆದರೆ ಆ ಭಾಗ ಸಮುದ್ರದಿಂದ ಸಿಕ್ಕಿಲ್ಲ. ಪರದೆಯ ಮೇಲೆ ಎಲ್ಲ ಚಕ್ರಗಳೂ ಒಂದೇ ಹೊಳಪಿನಲ್ಲಿ ತಿರುಗಿದರೆ, ನೋಡುವ ಮಗು ಎಲ್ಲವೂ ಸಿಕ್ಕಿದ್ದೇ ಎಂದು ನಂಬುತ್ತದೆ. ಸಿಕ್ಕ ಕಂಚಿಗೊಂದು ಬಣ್ಣ, ಊಹಿಸಿದ್ದಕ್ಕೊಂದು ಬಣ್ಣ ಇರಲೇಬೇಕು.

ಇದೇ ಮಾದರಿಯನ್ನು ನಮ್ಮ ಪಂಚಾಂಗಕ್ಕೂ ಕಟ್ಟಬಹುದು. ಚಕ್ರ ಅವೇ ಇರಲಿ, ಹೊರಗಿನ ರಾಶಿ ಉಂಗುರವನ್ನು ರೇವತಿ ಮತ್ತು ಚಿತ್ರೆಯ ನಡುವೆ ಸರಿಸಲು ಬರಲಿ. ಸಾಂಗ್ಲಿ, ಮಿರಜದ ಶಾಲೆಯ ಹುಡುಗಿ ಆ ಉಂಗುರ ಜಾರಿಸಿದಾಗ ಸಂಕ್ರಾಂತಿ 14ರಿಂದ 10ಕ್ಕೆ ಹೋಗುವುದನ್ನು, ಅಧಿಕಮಾಸ ಜಾಗ ಬದಲಿಸುವುದನ್ನು ಕಣ್ಣಾರೆ ಕಂಡು, ಸಾಂಗ್ಲಿಯ ಆ ಸಮ್ಮೇಳನದಲ್ಲಿ ಹಿರಿಯರು ಯಾಕೆ ಅಷ್ಟು ವಾದಿಸಿದರೆಂದು ಕೇಳಲಿ.