ಭೋರಘಾಟದ ದಾರಿ
ಮುಂಬಯಿ-ಪುಣೆಗಳ ನಡುವಣ ಭೋರಘಾಟವು ವಿಹಾರಿಗಳಿಗಾಗಿ ಹುಟ್ಟಿದ ದಾರಿಯಲ್ಲ. ಅದು ಪ್ರಾಚೀನ ವರ್ತಕಪಥ. ಘಟ್ಟದ ಮೇಲಣ ಕಾರ್ಲೆಯ ಚೈತ್ಯಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಶಾಸನವು ಸಾರುತ್ತದೆ. ಈ ವೈಜಯಂತಿಯೇ ನಮ್ಮ ಬನವಾಸಿಯೆಂಬುದು ವಿದ್ವಾಂಸರ ಅಭಿಮತ.

ಈ ಘಟ್ಟದಲ್ಲಿ 1830ರಲ್ಲಿ ಗಾಡಿರಸ್ತೆಯೂ 1863ರಲ್ಲಿ ರೈಲುಮಾರ್ಗವೂ ತೆರೆದುವು. ಬಂಡೆಯೊಡೆದು ಸುರಂಗ ಕೊರೆದ ಕೂಲಿಕಾರರಲ್ಲಿ ಸಹಸ್ರಾರು ಮಂದಿ ಕಾಲರಾ ಮೊದಲಾದ ವ್ಯಾಧಿಗಳಿಗೂ ಅಪಘಾತಗಳಿಗೂ ಬಲಿಯಾದರು. ಆ ಮಾರ್ಗದ ಮೇಲೆಯೇ 1930ರಲ್ಲಿ ‘ಡೆಕ್ಕನ್ ಕ್ವೀನ್’ ಗಾಡಿಯು ಮೊದಲಿಗೆ ವಾರಾಂತ್ಯದ ಪ್ರಯಾಣಿಕರಿಗೆಂದು ಹೊರಟಿತು. 2002ರಲ್ಲಿ ದ್ರುತಗತಿಯ ಹೆದ್ದಾರಿಯೂ ಪೂರ್ಣಗೊಂಡಿತು.

ಗುಹೆಯನ್ನು ಮುಗಿಸಿದ ಶ್ರೇಷ್ಠಿಯ ಹೆಸರನ್ನು ಪ್ರವಾಸಿಯು ಇಂದಿಗೂ ಕಲ್ಲಿನಲ್ಲಿ ಕಾಣಬಲ್ಲನು. ಸುರಂಗ ಕೊರೆದವರ ಹೆಸರನ್ನು ಅವನು ಅರಿಯದೆಯೇ ದಾಟುತ್ತಾನೆ. ದಾರಿಯ ಚರಿತ್ರೆಯು ಈ ಇಬ್ಬರನ್ನೂ ಒಳಗೊಳ್ಳಬೇಕು.