ಮುಖಕ್ಕೆ ದೀಪ ಹಿಡಿದ ಕಥೆ

ಮೊನ್ನೆ ಅವರ್ಸಾದಿಂದ ತಂಗಿ ಮಗಳು ಬಂದಿತ್ತು. ಈ ಸೆಕೆಯಲ್ಲೂ ಶಾಲು ಗದ್ದದವರೆಗೆ ಎಳ್ಕಂಡು ನಿಂತದ್ದು ನೋಡಿ ‘ಎಂತ ಆಯ್ತೇ?’ ಹೇಳಿ ಕೇಳಿದೆ. ಶಾಲು ಸರಿಸ್ತು. ಗದ್ದದ ಕೆಳಗೆ ಎರಡು ಕಂದು ಚೌಕ, ಬೆಂಕಿಪೊಟ್ಟಣದ ಬದಿಯಷ್ಟು, ಅಚ್ಚು ಒತ್ತಿದ ಹಂಗೆ. ಆನ್‌ಲೈನಲ್ಲಿ ತರಿಸಿದ ಕೂದಲು ತೆಗೆಯೋ ಮಷೀನಂತೆ. ಫೋಟೋ ತೆಗೆಯುವಾಗ ಫ್ಲ್ಯಾಶ್ ಹೊಡೆದ ಹಂಗೆ ಬೆಳಕು ಹೊಡೀತದೆ. ಐಪಿಎಲ್ ಹೇಳ್ತಾರೆ, ಕ್ರಿಕೆಟ್ ಅಲ್ಲ ಮತ್ತೆ. ಮುಂದಿನ ವಾರ ಹುಡುಗನ ಮನೆಯವರು ನೋಡೋಕೆ ಬರೋರಿದ್ದಾರೆ, ಅದಕ್ಕೇ ಈ ಗಡಿಬಿಡಿ.

ಬೈಯೋಕೆ ಮನಸ್ಸು ಬರ್ಲಿಲ್ಲ. ಕನ್ನಡಕ ಹಾಕ್ಕಂಡು ಡಬ್ಬಿಯೊಳಗಿನ ಚೀಟಿ ಓದ್ದೆ. ಅದ್ರಲ್ಲಿ ಚರ್ಮದ ಬಣ್ಣದ ಆರು ಚೌಕ, ಕೊನೇ ಎರಡರ ಮೇಲೆ ಕಾಟು. ಪಕ್ಕದಲ್ಲಿ ಕೈ ಇಟ್ಟು ನೋಡಿದ್ರೆ ನಮ್ಮನೆ ಹೆಣ್ಮಕ್ಕಳೆಲ್ಲ ಆ ಕಾಟಿನ ಹತ್ರದವ್ರೇ! ಅಕ್ಷರ ಮಾತ್ರ ಸಾಸಿವೆಗಿಂತ ಸಣ್ಣ.

ಈ ಆರು ಚೌಕದ ಹಿಂದೆ ಒಂದು ಕಥೆ ಉಂಟು. 1975ರಲ್ಲಿ ಅಮೆರಿಕದ ಹಾರ್ವರ್ಡಿನ ಚರ್ಮದ ಡಾಕ್ಟರು ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಇದನ್ನ ಮಾಡಿದ್ದು. ಸೋರಿಯಾಸಿಸ್ ಇದ್ದವ್ರಿಗೆ ಗುಳಿಗೆ ಕೊಟ್ಟು ನೇರಳಾತೀತ ಬೆಳಕು ಹಿಡೀತಿದ್ರು. ಯಾರಿಗೆ ಎಷ್ಟು ಬೆಳಕು ಹಿಡೀಬಹುದು ಹೇಳಿ ತಿಳ್ಕಳ್ಳೋಕೆ, ಬಿಸಿಲಿಗೆ ಯಾರ ಚರ್ಮ ಸುಡ್ತದೆ, ಯಾರದ್ದು ಕಪ್ಪಾಗ್ತದೆ ಹೇಳಿ ವಿಂಗಡಿಸಿದ್ರು. ಮೊದಲು ನಾಲ್ಕೇ ಬಗೆ, ನಾಲ್ಕೂ ಬಿಳೀ ಚರ್ಮದ್ದು. ಕಂದು, ಕಪ್ಪು ಬಣ್ಣದವ್ರಿಗೆ ಐದು, ಆರು ಆಮೇಲೆ ಸೇರಿಸಿದ್ದು. ನಾವು ಲೆಕ್ಕಕ್ಕೆ ಬಂದದ್ದೇ ತಡವಾಗಿ.

ಮಷೀನು ಕೆಲಸ ಮಾಡೋದು ಹೀಗೆ. ಕೂದಲಿನ ಕಪ್ಪು ಬಣ್ಣ ಬೆಳಕನ್ನ ಹೀರ್ಕಂಡು ಬಿಸಿಯಾಗ್ತದೆ, ಆ ಬಿಸಿಗೆ ಬೇರು ಸೊರಗ್ತದೆ. ಚರ್ಮದಲ್ಲೂ ಅದೇ ಬಣ್ಣ ಹೆಚ್ಚಿದ್ರೆ ಚರ್ಮವೂ ಹೀರ್ಕಳ್ತದೆ, ಸುಡ್ತದೆ. ಬಿಳೀ ಹುಡುಗಿಯ ಗದ್ದಕ್ಕೆ ಸರಿಯಾದ ಬೆಳಕು ನಮ್ಮ ಹುಡುಗಿಗೆ ಜಾಸ್ತಿ ಆಯ್ತು, ಅಷ್ಟೇ.

ಮುಖಕ್ಕೆ ದೀಪ ಹಿಡಿಯೋದು ಮೊದಲು ಚಂದಕ್ಕಾಗಿ ಶುರುವಾದದ್ದಲ್ಲ. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಹೇಳುವ ಡಾಕ್ಟರು ಚರ್ಮದ ಕ್ಷಯಕ್ಕೆ ದೊಡ್ಡ ದೀಪದ ಬೆಳಕು ಬಿಟ್ಟು ವಾಸಿ ಮಾಡಿದ್ರು. ಮೂಗು, ಕೆನ್ನೆ ತಿಂದು ಹಾಕೋ ಕಾಯಿಲೆ ಅದು. 1903ರಲ್ಲಿ ಅವ್ರಿಗೆ ನೊಬೆಲ್ ಬಂತು. ಅದೇ ಕಾಲದಲ್ಲಿ ಎಕ್ಸ್-ರೇ ಬಿಟ್ರೆ ಕೂದಲು ಉದುರ್ತದೆ ಹೇಳಿಯೂ ಗೊತ್ತಾಗಿತ್ತು. 1920ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಗೈಸರ್ ಹೇಳುವವ್ರು ‘ಟ್ರೈಕೊ’ ಹೆಸರಿನ ಎಕ್ಸ್-ರೇ ಯಂತ್ರವನ್ನ ಬ್ಯೂಟಿ ಪಾರ್ಲರುಗಳಿಗೇ ಕೊಟ್ರು. ನೋವಿಲ್ಲ, ಉರಿಯಿಲ್ಲ, ಗದ್ದ ನುಣ್ಣಗೆ. ಹೆಂಗಸ್ರು ಸಾಲುಗಟ್ಟಿದ್ರು. ಕೆಲವು ವರ್ಷ ಕಳೆದ ಮೇಲೆ ಚರ್ಮ ಸುಕ್ಕುಗಟ್ಟಿ, ಹುಣ್ಣಾಗಿ, ಎಷ್ಟೋ ಜನಕ್ಕೆ ಕ್ಯಾನ್ಸರೂ ಆಯ್ತು. ಅವ್ರೂ ನಮ್ಮ ಕೂಸಿನ ಹಂಗೇ, ನಾಲ್ಕು ಜನರೆದುರು ಬರೋಕೆ ನಾಚ್ಕಂಡು ಹೋದವ್ರು. ಐಪಿಎಲ್ ಎಕ್ಸ್-ರೇ ಅಲ್ಲ, ಹೆದ್ರಬೇಡಿ. ಆದ್ರೂ ಓದುವಾಗ ಹೊಟ್ಟೆ ತೊಳಸಿದ ಹಂಗಾಯ್ತು.

ನಮ್ಮಜ್ಜಿ ಕಾಲದಲ್ಲಿ ಮುಖದ ಯಂತ್ರ ಅಂದ್ರೆ ಗಂಧ ತೇಯೋ ಕಲ್ಲು. ದೇವರಿಗೆ ತೇದು ಉಳಿದದ್ದು ಮೊಡವೆಗೆ, ಬೆವರುಸಾಲೆಗೆ. ದಿನಾ ಅರಿಶಿಣ ಹಚ್ಚಿದ್ರೆ ಗದ್ದದ ಕೂದಲು ಹೋಗ್ತದೆ ಹೇಳ್ತಿದ್ರು. ಅಜ್ಜಿಗೆ ಹೋಗ್ಲಿಲ್ಲ, ನಾನೇ ಕಂಡಿದ್ದೆ. ಮಧ್ಯಾಹ್ನ ಜಗಲಿ ಮೇಲೆ ಕೂತು ಎರಡು ಬೆರಳಲ್ಲಿ ಒಂದೊಂದೇ ಎಳೀತಿತ್ತು. ಯಾರಾದ್ರೂ ಅಂಗಳಕ್ಕೆ ಬಂದ್ರೂ ಕೈ ಕೆಳಗಿಳಿಸ್ತಿರ್ಲಿಲ್ಲ.

ಆದ್ರೆ ಅಜ್ಜಿಗೆ ವಯಸ್ಸಾದ ಮೇಲೆ ಬಂದದ್ದು ಅದು. ಇಪ್ಪತ್ಮೂರು ವರ್ಷದ ಹುಡುಗಿಗೆ ಗದ್ದದಲ್ಲಿ ದಪ್ಪ ಕೂದಲು, ಮುಟ್ಟು ಬೇರೆ ಎರಡು-ಮೂರು ತಿಂಗಳಿಗೊಮ್ಮೆ ಅಂದ್ರೆ ಒಳಗಿನ ಹಾರ್ಮೋನಿಂದು ನೋಡ್ಬೇಕು. ಪಿಸಿಓಡಿ ಇದ್ರೆ ಹೊರಗಿಂದ ಎಷ್ಟು ಬೆಳಕು ಹೊಡೆದ್ರೂ ಮತ್ತೆ ಬರ್ತದೆ. ತಂಗಿಗೆ ಫೋನ್ ಮಾಡಿ ಮುಟ್ಟಿನ ವಿಷಯ ಕೇಳಿದ್ರೆ ‘ಮದುವೆ ಆದ್ರೆ ಸರಿಹೋಗ್ತದೆ’ ಹೇಳ್ತು. ಸಿಟ್ಟು ಬಂತು ನೋಡಿ.

ಸುಟ್ಟಲ್ಲಿಗೆ ಅದು ಲಿಂಬೆರಸ ಬೇರೆ ಹಚ್ಚಿಸಿತ್ತು. ನಿಲ್ಲಿಸ್ದೆ. ಬಿಸಿಲು ಬಿದ್ರೆ ಕಲೆ ಇನ್ನೂ ಕಪ್ಪಾಗ್ತದೆ, ಹಂಗಾಗಿ ಶಾಲು ಸದ್ಯಕ್ಕೆ ಇರ್ಲಿ ಅಂದೆ. ಸೋಮವಾರ ಕಾರವಾರಕ್ಕೆ ಹೋಗ್ತೇವೆ, ಮೊದಲು ಚರ್ಮದ ಡಾಕ್ಟರು, ಆಮೇಲೆ ಹೆಂಗಸರ ಡಾಕ್ಟರು. ಮಷೀನಿನ ಚೀಟಿ ಚೀಲದಲ್ಲಿ ಹಾಕಿಟ್ಟಿದ್ದೇನೆ. ಹುಡುಗನ ಮನೆಯವ್ರಿಗೆ ಹದಿನೈದು ದಿನ ಬಿಟ್ಟು ಬನ್ನಿ ಹೇಳಿ ನಾನೇ ಫೋನ್ ಮಾಡ್ದೆ.