ಸ್ಪಂಜು ಪುಡಿಯಾಗುವುದೇಕೆ? ಪಾಲಿಯುರೆಥೇನ್ ಮತ್ತು ಉತ್ಕರ್ಷಣ

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಈ ಬಿಸಿಲು ಟ್ರ್ಯಾಕ್ಟರ್ ಸೀಟು, ಮೋಟಾರ್ ಸೈಕಲ್ ಸೀಟು, ಮನೆಯ ಸ್ಪಂಜಿನ ಗಾದಿ ಇವುಗಳ ಆಯುಷ್ಯವನ್ನೂ ಕಡಿಮೆ ಮಾಡುತ್ತದೆ. ಇವುಗಳೊಳಗಿನ ಸ್ಪಂಜು ಹೆಚ್ಚಾಗಿ ಪಾಲಿಯುರೆಥೇನ್‌ನಿಂದ ಮಾಡಿದ್ದು. ಅಂಗಡಿಗಳಲ್ಲಿ ಇದನ್ನೇ ಪಿ.ಯು. ಎನ್ನುತ್ತಾರೆ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು.

ಉತ್ಕರ್ಷಣ ಎಂದರೇನು?

ಕಬ್ಬಿಣಕ್ಕೆ ಹಿಡಿಯುವ ತುಕ್ಕು, ಅಂದರೆ ಮರಾಠಿಯ ಗಂಜ, ನಮಗೆಲ್ಲ ಗೊತ್ತು. ಗಾಳಿಯ ಆಮ್ಲಜನಕ ಪ್ಲಾಸ್ಟಿಕ್ಕನ್ನೂ ಹೀಗೆಯೇ ನಿಧಾನವಾಗಿ ತಿನ್ನುತ್ತದೆ. ಪಾಲಿಯುರೆಥೇನ್ ಉದ್ದುದ್ದ ಅಣು ಸರಪಳಿಗಳಿಂದಾದ ವಸ್ತು. ಬಿಸಿಲಿನ ನೇರಳಾತೀತ ಕಿರಣ ಮತ್ತು ಶಾಖ ಈ ಸರಪಳಿಯ ದುರ್ಬಲ ಕೊಂಡಿಗಳನ್ನು ಸಡಿಲಿಸುತ್ತವೆ. ಅಲ್ಲಿ ಆಮ್ಲಜನಕ ಸೇರಿಕೊಂಡು ಪೆರಾಕ್ಸೈಡ್ ಉಂಟಾಗುತ್ತದೆ. ಅದು ಒಡೆದಾಗ ಪಕ್ಕದ ಕೊಂಡಿಗಳಿಗೂ ಪೆಟ್ಟು ಬೀಳುತ್ತದೆ.

ಬಿಸಿಲಿಲ್ಲದ ಕಡೆಯೂ ಇದು ನಡೆಯಬಲ್ಲದು. ಹೃದಯದ ಪೇಸ್‌ಮೇಕರ್ ತಂತಿಗಳಿಗೆ ಹೊದಿಸಿದ ಪಾಲಿಯುರೆಥೇನ್ ಕೆಲವು ರೋಗಿಗಳ ದೇಹದೊಳಗೇ ಬಿರುಕು ಬಿಟ್ಟದ್ದು 1980ರ ದಶಕದಲ್ಲಿ ಕಂಡುಬಂತು. ಅದಕ್ಕೂ ಉತ್ಕರ್ಷಣವೇ ಒಂದು ಮುಖ್ಯ ಕಾರಣವಾಗಿತ್ತು.

ಬಲ ಹೇಗೆ ಕುಗ್ಗುತ್ತದೆ?

ಸರಪಳಿ ತುಂಡಾದರೆ ವಸ್ತು ಎಳೆತ ತಡೆಯುವುದಿಲ್ಲ, ಬೇಗ ಹರಿಯುತ್ತದೆ. ತುಂಡುಗಳು ಒಂದಕ್ಕೊಂದು ಅಡ್ಡಡ್ಡ ಬೆಸೆದುಕೊಂಡರೆ ಗಡುಸಾಗಿ, ಬಗ್ಗಿಸಿದಾಗ ಬಿರಿಯುತ್ತದೆ. ಮೊದಲು ಕಾಣುವ ಗುರುತು ಹಳದಿ ಬಣ್ಣ. ಬಣ್ಣ ಬದಲಾದ ಮಾತ್ರಕ್ಕೆ ಬಲ ಹೋಯಿತೆಂದಲ್ಲ. ಆದರೆ ಒತ್ತಿದ ಸ್ಪಂಜು ಮೇಲೇಳದಿದ್ದರೆ, ಬೆರಳಿಗೆ ಪುಡಿ ಹತ್ತಿದರೆ ಅದು ಕೆಟ್ಟಿದೆ ಎಂದೇ ತಿಳಿಯಿರಿ. ಹೀಗೆ ಹೋದ ಬಲವನ್ನು ಮರಳಿ ತರಲಾಗದು.

ಶೂ ಅಟ್ಟೆಯ ಮಾತು ಬೇರೆ

ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟ ಹೊಸ ಶೂವಿನ ಪಿ.ಯು. ಅಟ್ಟೆ ಒಮ್ಮೆಲೇ ಪುಡಿಯಾಗುವುದುಂಟು. ಅಲ್ಲಿ ಮುಖ್ಯ ಶತ್ರು ಗಾಳಿಯ ತೇವಾಂಶ. ಪಾಲಿಯೆಸ್ಟರ್ ಜಾತಿಯ ಪಾಲಿಯುರೆಥೇನ್ ನೀರಿಗೆ ಸೋಲುತ್ತದೆ. ಗಾದಿಗಳಲ್ಲಿ ಹೆಚ್ಚಾಗಿ ಬಳಸುವ ಪಾಲಿಈಥರ್ ಜಾತಿ ನೀರನ್ನು ತಡೆದರೂ ಉತ್ಕರ್ಷಣಕ್ಕೆ ಬೇಗ ಸೋಲುತ್ತದೆ.

ಏನು ಮಾಡಬೇಕು?

* ಹತ್ತಿಯ ಗಾದಿಯನ್ನು ಬಿಸಿಲಿಗೆ ಹಾಕುವುದು ನಮ್ಮ ರೂಢಿ, ಅದು ಸರಿಯೇ. ಸ್ಪಂಜಿನ ಗಾದಿಯನ್ನು ಮಾತ್ರ ನೆರಳಿನಲ್ಲಿ ಗಾಳಿಗೆ ಇಡಿ.
* ಸೀಟಿನ ರೆಕ್ಸಿನ್ ಹರಿದರೆ ಕೂಡಲೇ ಹೊಲಿಸಿ. ಬೆಳಕು ಮೇಲ್ಪದರವನ್ನು ಕೆಡಿಸುತ್ತದೆ, ಆ ಪುಡಿ ಉದುರಿದಂತೆ ಕೆಳಗಿನ ಪದರ ಬಿಸಿಲಿಗೆ ಬೀಳುತ್ತದೆ.
* ಸೋಲಾರ್ ವಾಟರ್ ಹೀಟರ್‌ನ ಹೊರ ತಗಡು ತೂತಾದರೆ ಮುಚ್ಚಿಸಿ. ಒಳಗೆ ಶಾಖ ಹಿಡಿದಿಡುವುದು ಸಾಮಾನ್ಯವಾಗಿ ಇದೇ ಫೋಮ್.
* ಬ್ಲೀಚಿಂಗ್ ಪೌಡರ್ ಹಾಕಿ ಸ್ಪಂಜು ತೊಳೆಯಬೇಡಿ. ಅದು ಸ್ವತಃ ಉತ್ಕರ್ಷಣಕಾರಿ.
* ಕೆಟ್ಟ ಸ್ಪಂಜನ್ನು ಒಲೆಗೆ ಹಾಕಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸೈನೈಡ್ ಎಂಬ ವಿಷಾನಿಲಗಳಿರುತ್ತವೆ.

ತಯಾರಕರು ಉತ್ಕರ್ಷಣ ತಡೆಯುವ ರಾಸಾಯನಿಕಗಳನ್ನು ಬೆರೆಸುತ್ತಾರೆ. ಅವು ಕೆಡುವುದನ್ನು ಮುಂದೂಡುತ್ತವೆ, ಪೂರ್ತಿ ನಿಲ್ಲಿಸುವುದಿಲ್ಲ. ಆದ್ದರಿಂದ ಒಳ್ಳೆಯ ಹೊದಿಕೆ ಮತ್ತು ನೆರಳು ಬೇಕೇ ಬೇಕು.